ಅರಿಶಿನ ಕೊಂಬು ಕಟ್ಟಿಕೊಂಡು ವಿಮಾನ ಹತ್ತಿದ್ದು

ಅಟ್ಟದ ಮೇಲಿದ್ದ ಹಳೆಯ ರೆಕ್ಸಿನ್ ಚೀಲವನ್ನು ಮೊನ್ನೆ ಕೆಳಗಿಳಿಸಿದವಳು ನಮ್ಮ ದೊಡ್ಡ ಮೊಮ್ಮಗಳು. ಅದರ ಹಿಡಿಯಲ್ಲಿ ಒಂದು ರಟ್ಟಿನ ಚೀಟಿ ಇನ್ನೂ ನೇತಾಡುತ್ತಿತ್ತು. ಚೀಟಿಯ ಮೇಲೆ ನೇರಳೆ ಬಣ್ಣದ ಮೊಹರು. ಅಕ್ಷರ ಅಳಿಸಿಹೋಗಿದ್ದರೂ ಮೂಲೆಯಲ್ಲಿ ವಿಮಾನದ ಚಿತ್ರ ಕಾಣುತ್ತಿತ್ತು. "ಅಜ್ಜೀ, ನೀನು ಆ ಕಾಲದಲ್ಲೇ ಫ್ಲೈಟಲ್ಲಿ ಹೋಗಿದ್ಯಾ? ನಮಗೆ ಹೇಳೇ ಇಲ್ಲ!" ಎಂದು ಅವಳು ಕೇಳಿದಳು. ನಾನು "ಹೂಂ" ಎಂದು, ಒಲೆಯ ಮೇಲಿನ ಹಾಲು ನೋಡುವವಳಂತೆ ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ನನಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ ಎಂಬುದು ಮೊಮ್ಮಕ್ಕಳಾದ ನಿಮಗೆಲ್ಲ ಗೊತ್ತು. ಬರೆಯಲು ಸ್ವಲ್ಪ ಬರುತ್ತದೆ. ಏಳನೇ ಕ್ಲಾಸಿನವರೆಗೆ ಹಳ್ಳಿಯ ಶಾಲೆಯಲ್ಲಿ ಕಲಿತದ್ದು ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಸುಮ್ಮನಿರಿ, ಬಂದು ಪ್ರಶ್ನೆ ಕೇಳಬೇಡಿ.

ಹೋದ ತಿಂಗಳು ನೀವು ಗೋವಾಕ್ಕೆ ಹೋಗಿಬಂದಾಗ ಏರ್‌ಪೋರ್ಟಿನ ತಪಾಸಣೆಯ ವಿಷಯ ಬಂತು. ಬೆಲ್ಟು ಬಿಚ್ಚಿದ್ದು, ಶೂ ಬಿಚ್ಚಿದ್ದು, ಯಾರದೋ ನೀರಿನ ಬಾಟಲಿ ಕಸದ ಬುಟ್ಟಿಗೆ ಹೋದದ್ದು ಎಲ್ಲ ಹೇಳಿ ನಕ್ಕಿರಿ. ಕೊನೆಗೆ ಚಿಕ್ಕವನು, "ತಪ್ಪು ಮಾಡಿಲ್ಲ ಅಂದ್ರೆ ಹೆದರೋದ್ಯಾಕೆ? ಆರಾಮಾಗಿ ಹೋಗ್ಬಹುದು" ಎಂದ. ಆ ಮಾತು ನನಗೆ ಎರಡು ದಿನ ತಲೆಯಲ್ಲಿ ಕೊರೆಯಿತು. ನನ್ನ ಅನುಭವದಲ್ಲಿ ಅದು ಪೂರ್ತಿ ತಿರುಗುಮುರುಗು. ತಪ್ಪು ಮಾಡಿದವರು ಆರಾಮಾಗಿ ಹೋಗುತ್ತಾರೆ. ಮಾಡದವರೇ ಸಿಕ್ಕಿಬೀಳುತ್ತಾರೆ.

ಇದನ್ನು ನಾನು ಗೌನಿಪಲ್ಲಿಯ ಮಾವಿನ ತೋಪಿನಲ್ಲೇ ಕಲಿತೆ. ನನ್ನ ತವರು ಅಲ್ಲೇ ಹತ್ತಿರ. ಶಾಲೆಯಿಂದ ಮನೆಗೆ ಅಡ್ಡದಾರಿ ಒಂದು ತೋಪಿನೊಳಗೆ ಹಾದುಹೋಗುತ್ತಿತ್ತು. ಕಾಯಿ ಬಲಿಯುವ ದಿನಗಳಲ್ಲಿ ತೋಪಿನವರು ಒಬ್ಬ ಕಾವಲುಗಾರನನ್ನು ಇಡುತ್ತಿದ್ದರು. ಆಂಧ್ರದ ಕಡೆಯವನು. ಅವನ ಒಂದು ಕಣ್ಣು ಅರ್ಧ ಮುಚ್ಚಿಕೊಂಡೇ ಇರುತ್ತಿದ್ದರಿಂದ ಸದಾ ಯಾರಿಗೋ ಗುರಿ ಇಡುತ್ತಿರುವಂತೆ ಕಾಣುತ್ತಿದ್ದ. ಬೇಲಿಯ ಹತ್ತಿರ ನಮ್ಮನ್ನು ಸಾಲಾಗಿ ನಿಲ್ಲಿಸಿ, "ಏ ಪಿಲ್ಲಾ, ಒಡಿ ಚೂಪಿಂಚು" ಎನ್ನುತ್ತಿದ್ದ. ನಾವು ಲಂಗದ ಮಡಿಲು ಬಿಡಿಸಿ ತೋರಿಸಬೇಕು.

ನನ್ನ ಗೆಳತಿ ರತ್ನಮ್ಮನ ಪುಸ್ತಕದ ಚೀಲದಲ್ಲಿ ಯಾವಾಗಲೂ ಮೂರು ನಾಲ್ಕು ಕಾಯಿ ಇರುತ್ತಿದ್ದವು. ಅವಳು ಅವನ ಮುಂದೆ ನಿಂತು, "ಮಾಮಾ, ನಿಮ್ಮ ಕಣ್ಣಿಗೆ ಔಷಧಿ ಹಾಕ್ಕೊಂಡ್ರಾ?" ಎಂದು ವಿಚಾರಿಸುತ್ತಿದ್ದಳು. ಅವನು ಕಣ್ಣಿನ ಕಷ್ಟ ಹೇಳಿಕೊಳ್ಳುತ್ತಲೇ ಅವಳನ್ನು ಬಿಟ್ಟುಬಿಡುತ್ತಿದ್ದ. ನನ್ನ ಮಡಿಲಲ್ಲಿ ಒಂದು ಎಲೆಯೂ ಇರುತ್ತಿರಲಿಲ್ಲ. ಆದರೆ ಅವನ ಮುಂದೆ ಬರುವಷ್ಟರಲ್ಲಿ ನನ್ನ ಕಿವಿ ಕೆಂಪಾಗಿ, ಕೈಯಿಂದ ಸ್ಲೇಟು ಕೆಳಗೆ ಬೀಳುತ್ತಿತ್ತು. "ನೀ ಮೊಖಮೇ ಚೆಪ್ತಾ ಉಂದಿ," ನಿನ್ನ ಮುಖವೇ ಹೇಳ್ತಾ ಇದೆ ಎಂದು ಅವನು ನನ್ನ ಜಡೆಯನ್ನೂ ಬಿಚ್ಚಿಸಿ ನೋಡಿದ್ದುಂಟು. ಜಡೆಯಲ್ಲಿ ಯಾರಾದರೂ ಮಾವಿನಕಾಯಿ ಇಡುತ್ತಾರೆಯೇ? ತೋಪು ದಾಟಿದ ಮೇಲೆ ರತ್ನಮ್ಮ ಅಯ್ಯೋ ಪಾಪ ಎಂದು ನನಗೊಂದು ಕಾಯಿ ಕೊಡುತ್ತಿದ್ದಳು. ನಾನು ಅದನ್ನು ತಿನ್ನುತ್ತಿದ್ದೆ. ಹಾಗಾಗಿ ಅವನ ಅನುಮಾನ ಪೂರ್ತಿ ಸುಳ್ಳು ಎಂದೂ ಹೇಳಲಾರೆ.

ಮದುವೆಯಾಗಿ ಮುಳಬಾಗಿಲಿಗೆ ಬಂದೆ. ನಿಮ್ಮ ತಾತ ಸರ್ವೆ ಇಲಾಖೆಯಲ್ಲಿದ್ದರು. ಊರೂರಿಗೆ ಹೋಗಿ ಸರಪಳಿ ಹಿಡಿದು ಹೊಲ ಅಳೆಯುವ ಕೆಲಸ. ಅಳತೆಯಲ್ಲಿ ಒಂದು ಗೇಣು ಆಚೀಚೆ ಹೇಳಿದವರಲ್ಲ, ಮಾತಿನಲ್ಲೂ ಹಾಗೇ. ಸಾರಿಗೆ ಉಪ್ಪು ಜಾಸ್ತಿಯಾದರೆ ನೆಂಟರ ಮುಂದೆಯೇ "ಜಾಸ್ತಿ" ಎನ್ನುವವರು. ಇನ್ನು ನಮ್ಮ ಅತ್ತೆ, ದೇವರಾಯಸಮುದ್ರದ ಮಗಳು. ನೀವು ಅವರನ್ನು ನೋಡಿಲ್ಲ. ಹಾಲಿನವನ ಪಾತ್ರೆಯಲ್ಲಿ ಬೆರಳು ಅದ್ದಿ ನೋಡುವವರು, ಸೊಪ್ಪಿನ ಕಟ್ಟನ್ನು ಬಿಚ್ಚಿ ನಡುವೆ ಹುಲ್ಲು ಹುಡುಕುವವರು. ದೇವಸ್ಥಾನದ ತೀರ್ಥವನ್ನೂ ಮೂಸಿ ಕುಡಿಯುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ನಿಮ್ಮ ತಾತ ಆಫೀಸಿನ ಗೆಳೆಯರ ಜೊತೆ ರಜೆಯಲ್ಲಿ ದೆಹಲಿ ಆಗ್ರಾ ನೋಡಲು ಹೋಗಿದ್ದರು. ಹೋದ ಐದನೇ ದಿನ ತಂತಿ ಬಂತು. ಅಪೆಂಡಿಕ್ಸ್ ಒಡೆದಿದೆ, ಆಪರೇಷನ್ ಆಗಿದೆ, ಸ್ಥಿತಿ ಗಂಭೀರ, ಹೆಂಡತಿಯನ್ನು ಕೂಡಲೇ ಕಳಿಸಿ. ಅಂಚೆಯವನು ಅದನ್ನು ಓದಿ ಹೇಳಿ, ಮುಖ ಬೇರೆ ಕಡೆ ತಿರುಗಿಸಿಕೊಂಡ. ರೈಲಿನಲ್ಲಿ ಹೋದರೆ ಎರಡು ಹಗಲು ಎರಡು ರಾತ್ರಿಗೂ ಹೆಚ್ಚು. ಆಫೀಸಿನವರೇ ಓಡಾಡಿ ಬೆಂಗಳೂರಿನಿಂದ ವಿಮಾನದ ಟಿಕೆಟ್ ತರಿಸಿದರು. ಮರುದಿನ ಮಧ್ಯಾಹ್ನದ ವಿಮಾನ. ಒಂದೇ ಸೀಟು. ತಿರುಪತಿ ಬಿಟ್ಟರೆ ಆಚೆ ನೋಡದ ನಾನು ಒಬ್ಬಳೇ ಹೋಗಬೇಕು.

ಸುದ್ದಿ ತಿಳಿದು ಮಾಲೂರಿನಿಂದ ಚಿಕ್ಕಮಾವ ಬಂದರು. ಅವರು ನಮ್ಮ ಮಾವನವರ ತಮ್ಮ. ಚಿನ್ನದ ಗಣಿಯ ಗೇಟಿನಲ್ಲಿ ಕೆಲಸಗಾರರನ್ನು ತಪಾಸಣೆ ಮಾಡುವ ಕೆಲಸವನ್ನು ಮೂವತ್ತು ವರ್ಷ ಮಾಡಿ ನಿವೃತ್ತರಾಗಿದ್ದವರು. ಪಾಳಿ ಮುಗಿಸಿ ಮೇಲೆ ಬಂದವರ ತಲೆಗೂದಲು, ಬಾಯಿ, ರುಮಾಲು, ಬುತ್ತಿಯ ಡಬ್ಬದ ತಳ ಎಲ್ಲವನ್ನೂ ನೋಡಿ ಬಿಡುವುದು. ಆ ಕೈ ನಿವೃತ್ತಿಯಾದರೂ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಗೆ ಬಂದರೆ ಮುಚ್ಚಿಟ್ಟ ಪಾತ್ರೆಗಳ ಮುಚ್ಚಳ ಎತ್ತಿ ನೋಡುವುದು, ಯಾರಾದರೂ ನಮಸ್ಕಾರ ಮಾಡಿದರೆ ಆಶೀರ್ವಾದ ಮಾಡುತ್ತಲೇ ಅವರ ಜೇಬು ತಟ್ಟುವುದು. "ಮೂವತ್ತು ವರ್ಷದಲ್ಲಿ ಎಷ್ಟು ಚಿನ್ನ ಹಿಡಿದ್ರಿ ಚಿಕ್ಕಪ್ಪಾ?" ಎಂದು ನಿಮ್ಮ ತಾತ ಒಮ್ಮೆ ಕೇಳಿದ್ದರು. "ಒಂದೇ ಸಲ ಕಣಪ್ಪಾ. ಅದೂ ಆಮೇಲೆ ನೋಡಿದ್ರೆ ಹಿತ್ತಾಳೆ ಗುಂಡಿ" ಎಂದಿದ್ದರು.

ಅಂಥವರು ಬಂದದ್ದೇ ಚೀಲ ಕಟ್ಟುತ್ತಿದ್ದ ನನ್ನನ್ನು ತಡೆದರು. "ನಿಲ್ಲಮ್ಮಾ. ಗೇಟು ದಾಟೋದು ಅಂದ್ರೆ ತಮಾಷೆ ಅಲ್ಲ. ಈಗ ವಿಮಾನಾನೇ ಎತ್ಕೊಂಡು ಹೋಗೋರು ಇದ್ದಾರೆ. ಅಲ್ಲಿ ಒಂದು ಬಾಗಿಲು ಐತೆ. ಮೈಮೇಲೆ ಗುಂಡುಸೂಜಿಯಷ್ಟು ಲೋಹ ಇದ್ರೂ ಕಿರುಚ್ಕೊಳ್ಳುತ್ತೆ. ಕಿರುಚ್ತು ಅಂದ್ರೆ ಪಕ್ಕಕ್ಕೆ ಕರ್ಕೊಂಡು ಹೋಗ್ತಾರೆ. ಅಷ್ಟರಲ್ಲಿ ವಿಮಾನ ಹೋಯ್ತು."

ಅವರ ಮಾತಿನಂತೆ ಸ್ಟೀಲ್ ಡಬ್ಬ ಹೊರಗೆ ಬಂತು. ನಿಮ್ಮ ತಾತನಿಗೆ ಶಕ್ತಿ ಬರಲೆಂದು ಮಾಡಿದ್ದ ರಾಗಿ ಹುರಿಹಿಟ್ಟನ್ನು ಡಬ್ಬದಿಂದ ಬಟ್ಟೆಯ ಗಂಟಿಗೆ ಸುರಿದೆ. ಲೋಟ ಹೋಯಿತು, ಚಮಚ ಹೋಯಿತು, ಕಿವಿಯ ಓಲೆಯೂ ಹೋಯಿತು. ನಡುಮನೆಯ ಬಾಗಿಲನ್ನೇ ಆ ಕಿರುಚುವ ಬಾಗಿಲು ಎಂದು ಮಾಡಿ ಚಿಕ್ಕಮಾವ ನನ್ನನ್ನು ನಾಲ್ಕು ಸಲ ದಾಟಿಸಿದರು.

"ತಲೆ ಬಗ್ಗಿಸ್ಬೇಡ. ತಲೆ ಬಗ್ಗಿಸೋರ್ನೇ ನಾವು ಮೊದಲು ಹಿಡೀತಿದ್ದಿದ್ದು."

ತಲೆ ಎತ್ತಿದೆ.

"ಹಂಗೆ ದಿಟ್ಟಿಸ್ಲೂಬೇಡ. ದಿಟ್ಟಿಸೋರ್ನ ಎರಡನೇದಾಗಿ ಹಿಡೀತಿದ್ವಿ."

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ದಾಟಿದೆ. "ಏನಮ್ಮಾ ಇದು, ಕದ್ದೋಳ ಹಂಗೇ ನಡೀತಿದೀಯಲ್ಲ!" ಎಂದು ಅವರು ಹಣೆ ಚಚ್ಚಿಕೊಂಡರು. ಬಾಗಿಲ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅತ್ತೆ, "ಅವಳು ನಮ್ಮನೇಗೆ ಬಂದಾಗಿಂದ ಹಂಗೇ ನಡೆಯೋದು. ನಾನೂ ಮೊದಲ ವರ್ಷ ಸಕ್ಕರೆ ಡಬ್ಬಕ್ಕೆ ಗುರುತು ಹಾಕಿಟ್ಕೊಂಡಿದ್ದೆ" ಎಂದರು. ಅದು ನನಗೆ ಆವತ್ತೇ ಗೊತ್ತಾದದ್ದು.

ಆಮೇಲೆ ಚಿಕ್ಕಮಾವ ಗಂಟಲು ಸರಿಮಾಡಿಕೊಂಡು, ನನ್ನ ಕಡೆ ನೋಡದೆ, ಅತ್ತೆಗೆ ಹೇಳಿದರು. "ಅತ್ತಿಗೇ, ಸರಾನೂ ಬಿಚ್ಚಿಸ್ತಾರೆ. ತಾಳೀನೂ."

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ಏನಂದೆ? ಗಂಡ ಆಸ್ಪತ್ರೇಲಿ ಮಲಗಿರೋವಾಗ ತಾಳಿ ಬಿಚ್ಚೋದಾ? ಯಾವನು ಅವನು ಬಿಚ್ಚಿಸೋನು?"

"ಬಾಗಿಲಿಗೆ ಅದೆಲ್ಲ ಗೊತ್ತಾಗಲ್ಲ ಅತ್ತಿಗೇ. ಚಿನ್ನ ಅಂದ್ರೆ ಚಿನ್ನ."

ಅತ್ತೆ ಎದ್ದು ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಬರುವಾಗ ಕೈಯಲ್ಲಿ ಅರಿಶಿನ ಹಚ್ಚಿದ ದಾರ, ಅದರ ನಡುವೆ ಒಂದು ಅರಿಶಿನದ ಕೊಂಬು. ನಮ್ಮಲ್ಲಿ ತಾಳಿ ಅಕ್ಕಸಾಲಿಗನ ಹತ್ತಿರ ರಿಪೇರಿಗೆ ಹೋದಾಗ ಹೀಗೆ ಕಟ್ಟಿಕೊಳ್ಳುವುದು ರೂಢಿ. ಚಿನ್ನದ್ದಕ್ಕೆ ಇರುವಷ್ಟೇ ಬೆಲೆ ಅದಕ್ಕೂ ಇದೆ. ಆದರೆ ಕ್ರಮ ತಪ್ಪಬಾರದು. ಮೊದಲು ಕೊಂಬು ಕಟ್ಟಬೇಕು, ಆಮೇಲೆ ಚಿನ್ನ ತೆಗೆಯಬೇಕು. ಕೊರಳು ನಡುವೆ ಬರಿದಾಗಬಾರದು. ಅತ್ತೆ ದೇವರ ಮುಂದೆ ನನ್ನನ್ನು ಕೂರಿಸಿ, ದಾರ ಕಟ್ಟಿ, ಸರ ತೆಗೆದು ಅಕ್ಕಿಯ ತಟ್ಟೆಯಲ್ಲಿಟ್ಟರು. ಆಮೇಲೆ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. ಅವರು ನನ್ನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

"ನೋಡು, ಅವನು ಎದ್ದು ನಮ್ಮನೆ ಹೊಸಿಲು ದಾಟೋವರೆಗೂ ಈ ಕೊರಳು ಒಂದು ಗಳಿಗೆನೂ ಬರಿದಾಗಬಾರದು. ದೇವರ ಮುಂದೆ ಹೇಳು."

"ಬರಿದಾಗಲ್ಲ ಅತ್ತೆ" ಎಂದೆ.

ಹೀಗೆ ನಾನು ಎರಡು ಆಜ್ಞೆ ಹೊತ್ತು ಹೊರಟೆ. ಒಂದು, ಗೇಟು ದಾಟಿ ವಿಮಾನ ಹತ್ತಬೇಕು. ಇನ್ನೊಂದು, ಕೊರಳು ಬರಿದಾಗಬಾರದು. ಇವೆರಡೂ ಒಂದಕ್ಕೊಂದು ಎದುರು ನಿಲ್ಲುತ್ತವೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಚಿನ್ನ ಮನೆಯಲ್ಲಿ ಬಿಟ್ಟೆವಲ್ಲ, ಇನ್ನೇನು ಎಂದುಕೊಂಡಿದ್ದೆವು. ಹೊರಡುವ ಮುಂಚೆ ಅತ್ತೆ ಬೆವರಿಗೆ ಅರಿಶಿನ ರವಿಕೆಗೆ ಹತ್ತದಿರಲೆಂದು ಕೊಂಬಿನ ಸುತ್ತ ಒಂದು ಬಟ್ಟೆಯ ಚೂರು ಸುತ್ತಿ ಹೊಲಿದರು. ಚಿಕ್ಕಮಾವ, "ಒಳಗೆ ಸೇರಿಸ್ಕೋ, ಕಾಣಿಸದಂಗೆ ಇರ್ಲಿ" ಎಂದರು. ಮೂವತ್ತು ವರ್ಷ ಕಾಣಿಸದ್ದನ್ನೇ ಹುಡುಕಿದ ಮನುಷ್ಯ ಹೇಳುವ ಬುದ್ಧಿಯೇ ಅದು?

ಮುಳಬಾಗಿಲಿನಿಂದ ಬೆಳಗಿನ ಬಸ್ಸು. ಚಿಕ್ಕಮಾವ ಮುಂದಿನ ಸೀಟಿನಲ್ಲಿ, ನಾನು ಹೆಂಗಸರ ಸೀಟಿನಲ್ಲಿ. ಕೋಲಾರದಲ್ಲಿ ಹತ್ತಿದ ಒಬ್ಬ ಹೆಂಗಸು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತು ನನ್ನ ಬರಿಯ ಕಿವಿ, ಚಿನ್ನವಿಲ್ಲದ ಕೊರಳು, ಮಡಿಲಲ್ಲಿನ ಚೀಲ, ಅತ್ತು ಊದಿಕೊಂಡ ಕಣ್ಣು ಎಲ್ಲವನ್ನೂ ಲೆಕ್ಕ ಹಾಕಿದಳು. ಆಮೇಲೆ ಚಿಕ್ಕಮಾವನ ಕಡೆ ಗಲ್ಲ ಚಾಚಿ, "ಆಯಪ್ಪ ನಿಮಗೇನಾಗ್ಬೇಕು?" ಎಂದಳು.

"ಚಿಕ್ಕಮಾವ."

"ಮನೇಲಿ ಹೇಳಿ ಬಂದಿದೀರಾ?"

ಹೂಂ ಎಂದೆ. ನನ್ನ ಕಿವಿ ಕೆಂಪಾಯಿತು. ಅದನ್ನು ನೋಡಿ ಅವಳಿಗೆ ಖಚಿತವಾಯಿತು ಎಂದು ಕಾಣುತ್ತದೆ. ನರಸಾಪುರ ದಾಟುವವರೆಗೂ ಎಪ್ಪತ್ತರ ಹತ್ತಿರದ ಚಿಕ್ಕಮಾವನ ಬೋಳು ತಲೆಯನ್ನೂ ನನ್ನನ್ನೂ ಮತ್ತೆ ಮತ್ತೆ ನೋಡುತ್ತ, "ಏಮಿ ಕಾಲಮಮ್ಮಾ," ಎಂಥ ಕಾಲ ಬಂತಮ್ಮಾ ಎಂದು ನಿಟ್ಟುಸಿರು ಬಿಡುತ್ತಿದ್ದಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಬಂದೂಕು ಹಿಡಿದ ಸಿಪಾಯಿ. ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. ಚಿಕ್ಕಮಾವ ಅವನಿಗೆ, "ನಾನೂ ಇದೇ ಕೆಲಸ ಮಾಡಿದೋನಪ್ಪಾ, ಒಳಗೆ ಹೆಂಗೆ ಚೆಕ್ ಮಾಡ್ತಾರೆ ಅಂತ ನೋಡಿ ಬರ್ತೀನಿ, ಐದೇ ನಿಮಿಷ" ಎಂದರು. ಸಿಪಾಯಿ ಅವರನ್ನು ಮೇಲಿಂದ ಕೆಳಗೆ ನೋಡಿ, ಅವರ ಚೀಲ ಬಿಚ್ಚಿಸಿದ. ನಾನು ಗಾಜಿನಾಚೆಯಿಂದ ತಿರುಗಿ ನೋಡಿದಾಗ ಅವರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ಸಿಪಾಯಿ ಅವರ ಪಂಚೆಯ ಗಂಟು ಮುಟ್ಟಿ ನೋಡುತ್ತಿದ್ದ.

ಅಲ್ಲಿಂದ ನಾನು ಒಬ್ಬಳೇ. ಯಾರೋ ಪುಣ್ಯಾತ್ಮರು ಟಿಕೆಟ್ ನೋಡಿ ಚೀಲಕ್ಕೆ ಆ ರಟ್ಟಿನ ಚೀಟಿ ಕಟ್ಟಿಕೊಟ್ಟರು, ತಪಾಸಣೆಯ ಸಾಲು ತೋರಿಸಿದರು. ಸಾಲಿನಲ್ಲಿ ಎಲ್ಲರೂ ಪೇಪರು ಓದುತ್ತ, ಆಕಳಿಸುತ್ತ ನಿಂತಿದ್ದರು. ಇಷ್ಟು ಆರಾಮಾಗಿದ್ದಾರೆಂದರೆ ಇವರಲ್ಲಿ ಯಾರೋ ಏನೋ ತಂದಿರಬೇಕು ಎಂದು ನನಗೆ ಒಬ್ಬೊಬ್ಬರ ಮೇಲೂ ಅನುಮಾನ. ಅವರಿಗೆ ನನ್ನ ಮೇಲೆ ಇತ್ತೋ ಏನೋ.

ಚೀಲ ಒಂದು ಮೆಷಿನ್ನಿನ ಬಾಯೊಳಗೆ ಹೋಗಿ ಆಚೆ ಬಂತು. ಅಲ್ಲಿದ್ದ ಸಾಹೇಬರು ಬಿಚ್ಚಿ ಎಂದರು. ಹುರಿಹಿಟ್ಟಿನ ಗಂಟು ಎತ್ತಿ ಮೂಸಿದರು. "ಏನು ಪುಡಿ ಇದು?"

"ಹುರಿಹಿಟ್ಟು."

"ಯಾರಾದರೂ ಪುಡೀನ ಬಟ್ಟೇಲಿ ಕಟ್ತಾರಾ? ಡಬ್ಬ ಇಲ್ವಾ?"

ಡಬ್ಬ ಇತ್ತು, ನಿಮಗೆ ಹೆದರಿಯೇ ತೆಗೆದೆವು ಎಂದು ಹೇಳುವುದು ಹೇಗೆ? "ಸ್ವಲ್ಪ ಬಾಯಿಗೆ ಹಾಕ್ಕೊಳ್ಳಿ" ಎಂದರು. ಒಂದು ಹಿಡಿ ಹಾಕಿಕೊಂಡೆ. ಒಣ ಹುರಿಹಿಟ್ಟು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆಂದು ನಿಮಗೆ ಗೊತ್ತು. ಅದೇ ಹೊತ್ತಿಗೆ ಅವರು, "ಎಲ್ಲಿಗೆ ಹೋಗ್ತಿದೀರಿ? ಯಾತಕ್ಕೆ?" ಎಂದು ಕೇಳಿದರು. ನನ್ನ ಬಾಯಿಂದ ಉತ್ತರದ ಬದಲು ಹಿಟ್ಟು ಹಾರಿ ಅವರ ಪುಸ್ತಕದ ಮೇಲೆ ಬಿತ್ತು.

ಆಮೇಲೆ ಆ ಬಾಗಿಲು. ಕ್ಯಾಲೆಂಡರ್ ಇರಲಿಲ್ಲ, ಆದ್ದರಿಂದ ಗಡಿಯಾರ ನೋಡುತ್ತ ದಾಟಿದೆ. ಅದು ಕಿರುಚಿಕೊಂಡಿತು.

ಸುತ್ತಲಿದ್ದವರೆಲ್ಲ ತಿರುಗಿದರು. ಖಾಕಿ ಸೀರೆ ಉಟ್ಟ ಒಬ್ಬ ಹೆಂಗಸು ಪೊಲೀಸು, "ಬಾಮ್ಮ ಇಲ್ಲಿ" ಎಂದು ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ನನ್ನ ಕೈ ಎತ್ತಿಸಿದಳು. ಬಳೆಗಳ ಹತ್ತಿರ ಬಂದು ನಿಂತಳು. ಗಾಜಿನ ಬಳೆಗೆ ಏಳು ಸೇಫ್ಟಿ ಪಿನ್ನು ಸಿಕ್ಕಿಸಿದ್ದೆ. ನಮ್ಮ ಕಡೆ ಹೆಂಗಸರ ಕೈಯಲ್ಲಿ ಅವು ಹುಟ್ಟಿನಿಂದ ಬಂದವುಗಳಂತೆ ಇರುತ್ತವೆ. ಡಬ್ಬ, ಚಮಚ, ಓಲೆ, ತಾಳಿ ಎಲ್ಲ ಬಿಡಿಸಿದ ಚಿಕ್ಕಮಾವನ ಕಣ್ಣಿಗೂ, ಅತ್ತೆಯ ಕಣ್ಣಿಗೂ, ನನ್ನ ಕಣ್ಣಿಗೂ ಅವು ಲೋಹ ಎಂದು ಕಾಣಿಸಿರಲಿಲ್ಲ.

ಅವಳು ಪಿನ್ನುಗಳನ್ನು ತೆಗೆಸಿ ನಕ್ಕಳು. "ಯಾವೂರಮ್ಮ?"

"ಮುಳಬಾಗಿಲು."

"ನಮ್ದು ಹೋಳೂರು ಕಣಮ್ಮ, ನಿಮ್ಮ ಪಕ್ಕದವಳೇ."

ನನಗೆ ನಂಬಿಕೆ ಬರಲಿಲ್ಲ. ಬಾಯಿ ಬಿಡಿಸಲು ಹೀಗೆ ಹೇಳುತ್ತಾರೆ ಎಂದು ಚಿಕ್ಕಮಾವ ಮೊದಲೇ ಎಚ್ಚರಿಸಿದ್ದರು. ನಾನು ತುಟಿ ಬಿಗಿದೆ. ಅಷ್ಟರಲ್ಲಿ ಅವಳ ಕೈ ನನ್ನ ಎದೆಯ ಹತ್ತಿರ ಬಂದು ನಿಂತಿತು. ನಗು ಹೋಯಿತು.

"ಏನಿದು ಗಟ್ಟಿಯಾಗಿರೋದು? ತೆಗೀರಿ ಆಚೆಗೆ."

ತೆಗೆದೆ. ಬಟ್ಟೆಯಲ್ಲಿ ಸುತ್ತಿ ಹೊಲಿದ, ಬೆರಳುದ್ದದ ಒಂದು ಗಂಟು. ನಾನೇ ಅದನ್ನು ಅವಳ ಕಣ್ಣಿನಿಂದ ನೋಡಿದೆ. ನೋಡಿದರೆ ನನಗೇ ಭಯವಾಯಿತು.

"ಅರಿಶಿನ ಕೊಂಬು" ಎಂದೆ.

"ಅದನ್ನ ಯಾಕೆ ಹೊಲಿದು ಒಳಗಿಟ್ಕೊಂಡಿದೀರಿ? ತಾಳಿ ಎಲ್ಲಿ?"

"ಇದೇ ತಾಳಿ. ಅದು ಮನೇಲಿದೆ. ನೀವು ಬಿಚ್ಚಿಸ್ತೀರಂತೆ, ಅದಕ್ಕೇ."

"ಯಾರಮ್ಮ ಹೇಳಿದ್ದು ನಿಮಗೆ? ಇಷ್ಟು ಹೆಂಗಸ್ರು ಹೋಗ್ತಾರೆ, ಯಾರ ತಾಳಿನಾದ್ರೂ ಬಿಚ್ಚಿಸ್ತೀವಾ? ಚಿನ್ನದ್ದಿದ್ದಿದ್ರೆ ಮುಟ್ಟಿ ನೋಡಿ ಕಳಿಸ್ತಿದ್ದೆ. ಹಿಂಗೆ ಬಟ್ಟೇಲಿ ಬಚ್ಚಿಟ್ಕೊಂಡು ಬಂದ್ರೆ ನಾನೇನಂತ ತಿಳ್ಕೊಳ್ಲಿ?"

ಪರದೆಯ ಆಚೆಯಿಂದ ಸಾಹೇಬರ ದನಿ. "ಏನಮ್ಮಾ ಅಲ್ಲಿ? ಆ ಹುರಿಹಿಟ್ಟಿನವರಾ?"

"ಬಟ್ಟೇಲಿ ಏನೋ ಸುತ್ತಿದೆ ಸಾರ್. ಅರಿಶಿನ ಅಂತಾರೆ."

"ಬಿಚ್ಚಿಸಿ ಮೆಷಿನ್‌ಗೆ ಹಾಕಿ. ಮೈಮೇಲೆ ಬಿಡಬೇಡಿ."

"ಬಿಚ್ಚಲ್ಲ" ಎಂದೆ. ಮದುವೆಯಾಗಿ ಹತ್ತು ವರ್ಷದಲ್ಲಿ ನಾನು ಯಾರಿಗಾದರೂ ಆ ಮಾತು ಹೇಳಿದ್ದು ಅದೇ ಮೊದಲು. ಆಮೇಲೆ ಎಲ್ಲ ಒಟ್ಟಿಗೆ ಹೊರಗೆ ಬಂತು. ಗಂಡ ದೆಹಲಿಯ ಆಸ್ಪತ್ರೆಯಲ್ಲಿ ಇರುವುದು, ತಂತಿ, ಅತ್ತೆಗೆ ಕೊಟ್ಟ ಮಾತು. "ಬೇಕಾದ್ರೆ ನನ್ನನ್ನೂ ಸೇರಿಸಿ ಮೆಷಿನ್ನಿಗೆ ಹಾಕಿ" ಎಂದೂ ಹೇಳಿದೆ ಎಂದು ಕಾಣುತ್ತದೆ. ಸರಿಯಾಗಿ ನೆನಪಿಲ್ಲ.

ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಹೊರಗೆ ಮೈಕಿನಲ್ಲಿ ದೆಹಲಿ ದೆಹಲಿ ಎಂದು ಏನೋ ಕೂಗಿದರು. "ನಿಮ್ಮ ವಿಮಾನಾನೇ ಕರೀತಿರೋದು" ಎಂದು ಅವಳು ಮೆತ್ತಗೆ ಹೇಳಿದಳು. "ನನಗೆ ನಂಬಿಕೆ ಐತಮ್ಮ. ಆದ್ರೆ ನನ್ನ ನಂಬಿಕೇನ ಅವ್ರು ಬರ್ಕೊಳ್ಳಲ್ಲ. ಬಿಚ್ಚಲ್ಲ ಅಂದ್ರೆ ನಿಮ್ಮನ್ನ ಇಲ್ಲೇ ಕೂರಿಸ್ತಾರೆ. ಇನ್ನೊಂದು ವಿಮಾನ ನಾಳೇನೇ. ನೀವೇ ಹೇಳಿ, ಹೋಗ್ತೀರೋ, ಕೂರ್ತೀರೋ?"

ನಾಳೆ ಎಂದರೆ ಅಲ್ಲಿ ಏನಾಗಿರುತ್ತದೋ. ಕೊರಳಲ್ಲಿ ದಾರ ಇಟ್ಟುಕೊಂಡು ಬೆಂಗಳೂರಿನಲ್ಲಿ ಕೂರುವುದೋ, ಬರಿಯ ಕೊರಳಲ್ಲಿ ಅವರ ಹತ್ತಿರ ಹೋಗುವುದೋ. ಯಾರನ್ನು ಕೇಳಲಿ? ಅತ್ತೆ ಮುಳಬಾಗಿಲಿನಲ್ಲಿ. ಚಿಕ್ಕಮಾವ ಸಿಪಾಯಿಯ ಕೈಯಲ್ಲಿ.

ನಾನೇ ಬಿಚ್ಚಿದೆ. ಅವಳು ಕೈ ಹಾಕಲಿಲ್ಲ. ಗಂಟು ಸುಲಭವಾಗಿ ಬಿಚ್ಚಿಕೊಂಡಿತು, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಅವಳು ಅದನ್ನು ಕರವಸ್ತ್ರದ ಮೇಲಿಟ್ಟುಕೊಂಡು ಹೊರಗೆ ಹೋದಳು. ನಾನು ಪರದೆಯ ಹಿಂದೆ ಎರಡೂ ಕೈಯಿಂದ ಕೊರಳು ಮುಚ್ಚಿಕೊಂಡು ನಿಂತೆ. ಗಂಡನ ಹೆಸರು ಹೇಳುವ ಅಭ್ಯಾಸ ನಮಗಿಲ್ಲ. ಇಲ್ಲೂ ನಾನು ಬರೆಯುವುದಿಲ್ಲ. ಆದರೆ ಆಗ ಹೇಳಿದೆ. ದಾರವಿಲ್ಲದ ಕಡೆ ಹೆಸರಾದರೂ ಇರಲಿ ಎನಿಸಿತು. ಅವಳು ಬರುವವರೆಗೆ ಹನ್ನೊಂದು ಸಲ ಹೇಳಿದೆ.

ಬಂದಳು. ಬಟ್ಟೆ ಬಿಚ್ಚಿ ಎಸೆದಿದ್ದರು, ಕೊಂಬು ಹಳದಿಯಾಗಿ ಹಾಗೇ ಇತ್ತು. ಕಟ್ಟಿಕೊಳ್ಳಲು ನೋಡಿದೆ. ಗಂಟು ಎರಡು ಸಲ ಜಾರಿತು. "ತಿರುಗಿ" ಎಂದು ಅವಳೇ ನನ್ನ ಜಡೆ ಎತ್ತಿ ಕಟ್ಟಿದಳು. ಕಟ್ಟುತ್ತ, "ನಮ್ಮ ಹೋಳೂರಲ್ಲಿ ಮೂರು ಗಂಟು. ನಿಮ್ಮಲ್ಲೂ ಅಷ್ಟೇ ತಾನೇ?" ಎಂದಳು. ಎಳೆದು ಬಿಗಿದಳು. ಆಗ ನನಗೆ ಅವಳು ಹೋಳೂರಿನವಳೇ ಎಂದು ನಂಬಿಕೆ ಬಂತು. "ಓಡಿ" ಎಂದಳು. ಓಡಿದೆ. ಹೆಸರು ಕೇಳಲಿಲ್ಲ. ಪಿನ್ನುಗಳೂ ಅಲ್ಲೇ ಉಳಿದವು. ದೆಹಲಿಯವರೆಗೂ ಸೆರಗು ಹಿಡಿದುಕೊಂಡೇ ಕುಳಿತಿದ್ದೆ. ವಿಮಾನದೊಳಗೆ ಏನಿತ್ತು ಎಂದು ಕೇಳಬೇಡಿ, ನಾನು ನೋಡಿದ್ದು ನನ್ನ ಮೊಣಕಾಲು ಮಾತ್ರ.

ನಿಮ್ಮ ತಾತ ಬದುಕಿದ್ದರು. ಗುರುತು ಸಿಗದಷ್ಟು ಇಳಿದಿದ್ದರು, ಆದರೆ ಕಣ್ಣು ಬಿಟ್ಟರು. ಮೊದಲು ನೋಡಿದ್ದು ನನ್ನ ಕೊರಳು. "ಸರ ಎಲ್ಲಿ? ಡಾಕ್ಟರು ನಿನಗೇನು ಹೇಳಿದ್ರು? ನಿಜ ಹೇಳು" ಎಂದರು. ತನ್ನ ಸ್ಥಿತಿ ಕೈಮೀರಿದೆ, ಅದಕ್ಕೇ ಸರ ಮಾರಿ ಬಂದಿದ್ದಾಳೆ ಎಂದು ಅವರ ಅನುಮಾನ. ಹೊಲಿಗೆ ಹಾಕಿದ ಹೊಟ್ಟೆಯ ಮನುಷ್ಯನಿಗೆ ಎಲ್ಲ ಹೇಳಲು ಧೈರ್ಯವಾಗಲಿಲ್ಲ. ನಾಲ್ಕನೇ ದಿನ, ಎದ್ದು ಕುಳಿತು ಗಂಜಿ ಕುಡಿದ ಮೇಲೆ, ಹೇಳಿದೆ. ಬಾಗಿಲು, ಪಿನ್ನು, ಹಿಟ್ಟು ಬರುವವರೆಗೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿಚ್ಚಿದ್ದನ್ನು ಹೇಳಿದಾಗ ನಗಲಿಲ್ಲ.

"ಅಮ್ಮಂಗೆ ಹೇಳ್ತೀಯಾ?" ಎಂದು ಕೇಳಿದರು.

"ಕೇಳಿದ್ರೆ ಸುಳ್ಳು ಹೇಳಕ್ಕೆ ನಂಗೆ ಬರಲ್ಲ. ಮುಖ ನೋಡಿದ್ರೇ ಗೊತ್ತಾಗುತ್ತೆ."

ಹದಿನೈದು ದಿನದ ಮೇಲೆ ರೈಲಿನಲ್ಲಿ ವಾಪಸ್ಸು ಬಂದೆವು.

ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದರು. ಮಗನನ್ನು ಒಳಗೆ ಕರೆದುಕೊಂಡು, ಗೋಡೆಗೆ ಒರಗಿಸಿ ಕೂರಿಸಿ, ಹೊಟ್ಟೆಯ ಗಾಯ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ಲೂ ಬಿಚ್ಚಲಿಲ್ಲ ತಾನೇ?"

ನನ್ನ ಕಿವಿ ಬಿಸಿಯಾಯಿತು. ಬಾಯಿ ತೆರೆಯುವ ಮೊದಲೇ ನಿಮ್ಮ ತಾತ, "ಇಲ್ಲಮ್ಮ, ಬಿಚ್ಚಲಿಲ್ಲ" ಎಂದರು.

ಅತ್ತೆ ಮಗನನ್ನು ನೋಡಿದರು. "ನೀನು ಕಂಡ್ಯೇನೋ? ದೆಹಲೀಲಿ ಮಲಗಿದ್ದೋನು ನೀನು."

ಜೀವನದಲ್ಲಿ ಮೊದಲ ಸುಳ್ಳು ಹೇಳಿದವರಿಗೆ ಎರಡನೆಯದು ಬರಲಿಲ್ಲ. ಅವರು ಸೂರು ನೋಡಿದರು. ನಾನು ನೆಲ ನೋಡಿದೆ. ಅತ್ತೆ ಇಬ್ಬರನ್ನೂ ತುಂಬ ಹೊತ್ತು ನೋಡಿದರು.

ಆಮೇಲೆ ನನ್ನನ್ನು ದೇವರ ಮುಂದೆ ಕೂರಿಸಿದರು. ಅಕ್ಕಿಯ ತಟ್ಟೆಯಿಂದ ಸರ ತೆಗೆದು ಮೊದಲು ಅದನ್ನು ಕೊರಳಿಗೆ ಹಾಕಿದರು. ನಂತರ ನನ್ನ ಜಡೆ ಎತ್ತಿ, ಅರಿಶಿನದ ದಾರ ಬಿಚ್ಚಲು ಕೈ ಹಾಕಿದರು. ಬಿಚ್ಚಲಿಲ್ಲ. ಉಗುರಿನಿಂದ ಕೆದಕಿದರು. ಹಲ್ಲಿನಿಂದ ಎಳೆದರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

"ಯಾರು ಕಟ್ಟಿದ್ದೇ ಇದನ್ನ, ಇಷ್ಟು ಬಿಗಿಯಾಗಿ?"

ಬೆನ್ನು ಅವರ ಕಡೆಗಿತ್ತು, ಮುಖ ಅವರಿಗೆ ಕಾಣುತ್ತಿರಲಿಲ್ಲ. ಅದೊಂದೇ ಧೈರ್ಯ.

"ನೀವೇ ಕಟ್ಟಿದ್ದಲ್ವಾ ಅತ್ತೆ" ಎಂದೆ.

ಹಿಂದೆ ಕೈ ನಿಂತಿತು. ಹಾಲಿನಲ್ಲಿ ನೀರು ಹುಡುಕುವವರು, ಸೊಪ್ಪಿನಲ್ಲಿ ಹುಲ್ಲು ಹುಡುಕುವವರು. ನಾನು ಕಣ್ಣು ಮುಚ್ಚಿಕೊಂಡು ಕಾದೆ.

"ಹೂಂ" ಎಂದರು ಅತ್ತೆ. "ನಾನೇ. ಮರ್ತೇ ಹೋಗಿತ್ತು."

ಮತ್ತೆ ಉಗುರಿನಿಂದ ಗಂಟು ಸಡಿಲಿಸತೊಡಗಿದರು, ಈ ಸಲ ಮೆಲ್ಲಗೆ.